ನೀರು ಹಾಕದೆ ನೋಡಿದ ಕಲ್ಲು

ಸಾರಕ್ಕಿಯಲ್ಲಿ ನನ್ನದೊಂದು ಗ್ರಾನೈಟ್ ಅಂಗಡಿಯಿದೆ. ಅಂಗಡಿ ಎಂದರೆ ಮೇಲೆ ಶೀಟು, ಕೆಳಗೆ ಮಣ್ಣು, ನಡುವೆ ಕಬ್ಬಿಣದ ಸ್ಟ್ಯಾಂಡಿಗೆ ಒರಗಿ ನಿಂತ ಕಲ್ಲಿನ ಹಲಗೆಗಳು. ಅದನ್ನು ನಾನೇ ಕಟ್ಟಿದ್ದು, ಯಾರ ಕೈಯೂ ಹಿಡಿದು ಬಂದವನಲ್ಲ. ನಮ್ಮಪ್ಪ ಜಯನಗರದ ಹಳೆಯ ಮನೆಗಳ ಮೊಸಾಯಿಕ್ ನೆಲಕ್ಕೆ ಪಾಲಿಶ್ ಹಾಕುತ್ತಿದ್ದರು. ಅವರ ಸೊಂಟ ಬಿದ್ದುಹೋದಾಗ ನಾನು ಏಳನೇ ಕ್ಲಾಸಿನಲ್ಲಿದ್ದೆ. ವರ್ಷದ ನಡುವೆಯೇ ಶಾಲೆ ಬಿಟ್ಟು ಪಾಲಿಶ್ ಮೆಷಿನ್ ಹಿಡಿದೆ. ಅದಕ್ಕೆ ನಾನು ಅತ್ತವನಲ್ಲ. ಮೆಷಿನ್ ಹಿಡಿದ ಕೈ ಮಧ್ಯಾಹ್ನದ ಊಟದ ಹೊತ್ತಿಗೂ ನಡುಗುತ್ತಿತ್ತು, ಆ ನಡುಕವೂ ನನಗೊಂದು ಹೆಮ್ಮೆಯಾಗಿತ್ತು.

ನಲವತ್ತು ದಾಟಿದ ಮೇಲೆ ಮತ್ತೆ ಓದುವ ಹುಚ್ಚು ಹಿಡಿಯಿತು. ಎಸ್‌ಎಸ್‌ಎಲ್‌ಸಿ ಖಾಸಗಿಯಾಗಿ ಕಟ್ಟಿದೆ, ಪಾಸಾಯಿತು. ಪಿಯುಸಿಯೂ ಒದ್ದಾಡಿಕೊಂಡು ಆಯಿತು. ಆಮೇಲೆ ಜಯನಗರದ ಕಡೆಯ ಒಂದು ಸಂಜೆ ಕಾಲೇಜಿನಲ್ಲಿ ಬಿಕಾಂಗೆ ಸೇರಿದೆ. ಸಂಜೆ ಅಂಗಡಿಯನ್ನು ನನ್ನ ಹೆಂಡತಿ ನೋಡಿಕೊಳ್ಳುತ್ತಿದ್ದಳು.

ಸುದ್ದಿ ಕೇಳಿದ ದಿನ ನನ್ನ ಹೆಂಡತಿಯ ತಮ್ಮ ಅಂಗಡಿಗೆ ಬಂದ. ಅವನದು ಪಕ್ಕದ ರಸ್ತೆಯಲ್ಲೇ ನಲ್ಲಿ, ಪೈಪುಗಳ ಅಂಗಡಿ. ಅಕ್ಕಪಕ್ಕದ ಅಂಗಡಿಯವರೆಲ್ಲ ಟೀ ಕುಡಿಯುತ್ತ ನಿಂತಿದ್ದರು.

"ಭಾವ, ಈ ವಯಸ್ಸಲ್ಲಿ ಬಿಕಾಂ ಮಾಡಿ ಯಾವ ಬ್ಯಾಂಕ್‌ಗೆ ಮ್ಯಾನೇಜರ್ ಆಗ್ತೀರಾ?"

"ಮ್ಯಾನೇಜರ್ ಆಗಕ್ಕಲ್ಲ ಕಣೋ. ಅವನ ಮುಂದೆ ಕೂತು ಸೈನ್ ಹಾಕುವಾಗ ಏನ್ ಬರ್ದಿದೆ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ."

"ಅದಕ್ಕೆ ಒಂದು ಒಳ್ಳೇ ಕನ್ನಡಕ ಸಾಕಲ್ಲ ಭಾವ. ಕಾಲೇಜ್ ಯಾಕೆ?"

ಎಲ್ಲರೂ ನಕ್ಕರು. ನಾನೂ ನಕ್ಕಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನಗೆ ಉರಿ ಹತ್ತಿತು. "ನೋಡ್ತಿರು. ಒಂದೇ ಒಂದು ಸಬ್ಜೆಕ್ಟ್ ಹೋದ್ರೂ ಅವತ್ತೇ ಬಿಟ್ಬಿಡ್ತೀನಿ. ಮತ್ತೆ ಪುಸ್ತಕ ಮುಟ್ಟಲ್ಲ. ಸಾಕಾ?" ಎಂದುಬಿಟ್ಟೆ. ಅವನು ಟೀ ಲೋಟ ಎತ್ತಿ, "ಎಲ್ರೂ ಕೇಳಿಸ್ಕೊಂಡ್ರಲ್ಲಾ ಗುರು?" ಎಂದ. ಎಲ್ಲರೂ ಕೇಳಿಸಿಕೊಂಡಿದ್ದರು. ಆ ರಸ್ತೆಯಲ್ಲಿ ನನ್ನ ಮಾತಿಗೆ ಒಂದು ಬೆಲೆಯಿತ್ತು. ಕಲ್ಲು ಇಂಥ ದಿನ ಇಳಿಯುತ್ತದೆ ಎಂದರೆ ಅಂದೇ ಇಳಿಯುತ್ತಿತ್ತು. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ನಮ್ಮ ವಿಷಯಕ್ಕೆ ಸೇರದ ಒಂದು ಪೇಪರನ್ನು ನಾವೇ ಆರಿಸಿಕೊಳ್ಳಬೇಕಿತ್ತು. ಆಫೀಸಿನ ಕಿಟಕಿಯಲ್ಲಿ ಕೊಟ್ಟ ಹಾಳೆಯಲ್ಲಿ ಭೂವಿಜ್ಞಾನ ಪರಿಚಯ ಎಂದಿತ್ತು. ಏನಿರುತ್ತದೆ ಎಂದು ಕೇಳಿದೆ. ಕಿಟಕಿಯಾಚೆಯವರು ತಲೆ ಎತ್ತದೆ, "ಭೂಮಿ, ಕಲ್ಲು, ಮಣ್ಣು ಇಂಥವು" ಎಂದರು. ನನಗೆ ನಗು ಬಂತು. ಮಿಕ್ಕ ಪೇಪರುಗಳ ಹೆದರಿಕೆಯಲ್ಲಿ ಇದೊಂದಾದರೂ ಸಲೀಸಾಗಿ ದಾಟುತ್ತದೆ ಎಂದುಕೊಂಡು ಅದಕ್ಕೇ ಟಿಕ್ ಹಾಕಿದೆ. ಕಲ್ಲಿನ ವಿಷಯದಲ್ಲಿ ನನಗೆ ಇನ್ನೊಬ್ಬರು ಹೇಳಿಕೊಡುವುದೇನಿದೆ?

ಪಾಠ ಮಾಡುತ್ತಿದ್ದ ಮೇಡಂ ನನ್ನ ಸೊಸೆಗಿಂತ ಚಿಕ್ಕವರು. ಮೊದಲ ದಿನವೇ ಬೋರ್ಡಿನ ಮೇಲೆ ಒಂದು ದೊಡ್ಡ ವೃತ್ತ ಬರೆದು, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಬರೆದರು. ನಾವು ನಿಂತಿರುವುದು ಹೊರಗಿನ ಗೆರೆಯ ಮೇಲೆ, ಆ ಗೆರೆಯ ದಪ್ಪವೇ ಭೂಮಿಯ ಹೊರಕವಚ, ಕೆಳಗೆ ಇರುವುದೆಲ್ಲ ಬೇರೆ ಎಂದರು. ಬೋರ್ಡಿನ ಆ ತೆಳು ಗೆರೆಯ ಮೇಲೆ ಸಾರಕ್ಕಿ ಇದೆ, ನನ್ನ ಅಂಗಡಿ ಇದೆ, ಕಲ್ಲು ತುಂಬಿದ ಲಾರಿ ಇದೆ ಎಂದು ನೆನೆಸಿಕೊಂಡೆ. ಕಾಲಿನ ಕೆಳಗೆ ಏನೋ ಸಡಿಲವಾದಂತಾಯಿತು. ಅಷ್ಟು ವರ್ಷ ಕಲ್ಲೆಂದರೆ ಗಟ್ಟಿ ಎಂದೇ ನಂಬಿದ್ದೆ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಅಲ್ಲಿಗೆ ಯಾರೂ ಹೋಗಿಲ್ಲ ಅಂದ್ರೆ ಹೆಂಗೆ ಗೊತ್ತಾಯ್ತು ಮೇಡಂ?" ಎಂದು ಕೇಳಿದಳು. ಅದೇ ಪ್ರಶ್ನೆ ನನ್ನ ನಾಲಗೆಯ ತುದಿಯಲ್ಲೂ ಇತ್ತು. ಆದರೆ ನಾನು ಕೇಳಿರಲಿಲ್ಲ. ಆ ಹುಡುಗಿ ಹಗಲು ಜಯನಗರ ಫೋರ್ತ್ ಬ್ಲಾಕಿನ ಸೀರೆ ಅಂಗಡಿಯಲ್ಲಿ ನಿಂತು ಸಂಜೆ ಕ್ಲಾಸಿಗೆ ಬರುತ್ತಿದ್ದಳು. ಭೂಕಂಪದ ಅಲೆಗಳು ಒಳಗೆ ಹಾದುಹೋಗುವ ರೀತಿ ನೋಡಿ ಒಳಗಿರುವುದನ್ನು ಲೆಕ್ಕ ಹಾಕುತ್ತಾರೆ ಎಂದು ಮೇಡಂ ಹೇಳಿದರು. ನನಗೆ ಅರ್ಥವಾಗಲಿಲ್ಲ. ಅರ್ಥವಾದವನಂತೆ ತಲೆಯಾಡಿಸಿದೆ.

ಎರಡು ವಾರ ಕಳೆದ ಮೇಲೆ ಒಂದು ಮರದ ಟ್ರೇ ತುಂಬ ಕಲ್ಲಿನ ತುಂಡುಗಳನ್ನು ತಂದು ಮೇಜಿನ ಮೇಲಿಟ್ಟರು. ಒಂದು ಕರಿ ತುಂಡನ್ನು ಎತ್ತಿ, "ಇದೇನು ಅಂತ ಯಾರಾದ್ರೂ ಹೇಳ್ತೀರಾ?" ಎಂದರು. ಇಡೀ ಕ್ಲಾಸು ತಿರುಗಿ ನನ್ನನ್ನು ನೋಡಿತು.

"ಅಂಕಲ್, ನಿಮ್ಮದೇ ಏರಿಯಾ! ಹೊಡೀರಿ ಸಿಕ್ಸರ್!"

ಎದ್ದು ಹೋದೆ. ಕಲ್ಲನ್ನು ಕೈಗೆ ತೆಗೆದುಕೊಂಡೆ. ನಾನು ಜೀವಮಾನವಿಡೀ ಮುಟ್ಟಿದ್ದು ಪಾಲಿಶ್ ಆದ ಮುಖವನ್ನು. ಮುಖ ನೋಡಿದರೆ ಕಲ್ಲಿನ ಹೆಸರು ಬಾಯಿಗೆ ಬರುತ್ತಿತ್ತು. ಈ ತುಂಡಿಗೆ ಮುಖವೇ ಇರಲಿಲ್ಲ. ನಾಲ್ಕೂ ಕಡೆ ಒರಟು, ಧೂಳು. ಬಣ್ಣ ಮಾತ್ರ ಕಪ್ಪು. "ಬ್ಲ್ಯಾಕ್ ಗ್ರಾನೈಟ್ ಮೇಡಂ" ಎಂದೆ.

"ಗ್ರಾನೈಟ್ ಆಗಿದ್ರೆ ಇದರಲ್ಲಿ ಬೆಣಚುಕಲ್ಲಿನ ಕಾಳು ಕಾಣ್ಬೇಕಲ್ವಾ ಸಾರ್? ಇದು ಡೋಲರೈಟ್. ನೀವು ಹೇಳಿದ್ದು ಅಂಗಡಿಯಲ್ಲಿ ಕರೆಯೋ ಹೆಸರು."

ಅವರು ಮೆತ್ತಗೇ ಹೇಳಿದರು. ಹುಡುಗರೂ ಕೆಟ್ಟದಾಗಿ ನಗಲಿಲ್ಲ. ಆದರೆ ನಾನು ಬೆಂಚಿಗೆ ವಾಪಸ್ ಬರುವಾಗ ದಾರಿ ಉದ್ದವಾಗಿತ್ತು. ಜೆಪಿ ನಗರದಲ್ಲಿ ಎಷ್ಟು ಅಡುಗೆಮನೆಗಳ ಕಟ್ಟೆಗೆ ಆ ಕಲ್ಲನ್ನು ನಾನೇ ಅಳೆದು ಕೂರಿಸಿದ್ದೆ! ಸಲೀಸಾಗಿ ದಾಟುವ ಪೇಪರು ಎಂದುಕೊಂಡದ್ದರಲ್ಲೇ ಮುಳುಗುತ್ತೇನೆ ಎಂಬ ಅನುಮಾನ ಅಂದು ಒಳಗೆ ಹೊಕ್ಕಿತು.

ಮೊದಲ ಟೆಸ್ಟ್ ಬಂತು. ಕಲ್ಲು, ಖನಿಜಗಳ ತುಂಡುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದರ ಮುಂದೆ ನಿಂತು ಅದರ ಬಣ್ಣ, ಹೊಳಪು, ಗಡಸುತನ, ಬಿಳಿ ಬಿಲ್ಲೆಯ ಮೇಲೆ ಉಜ್ಜಿದರೆ ಬೀಳುವ ಗೆರೆಯ ಬಣ್ಣ ಇಷ್ಟನ್ನು ಬರೆದು ಹೆಸರು ಬರೆಯಬೇಕು. ನಾನು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದುಕೊಂಡು ಹೋಗಿದ್ದೆ. ನಮ್ಮ ಕಸುಬಿನಲ್ಲಿ ಗಿರಾಕಿ ಬಂದ ತಕ್ಷಣ ಮಾಡುವ ಮೊದಲ ಕೆಲಸ ಹಲಗೆಯ ಮೇಲೆ ಒಂದು ಮಗ್ ನೀರು ಎರಚುವುದು. ಒಣಗಿದ ಕಲ್ಲನ್ನು ತೋರಿಸುವುದೆಂದರೆ ಗಿರಾಕಿಯನ್ನು ಕಳೆದುಕೊಂಡಂತೆ. ನೀರು ಬಿದ್ದರೆ ಒಳಗಿನ ಬಣ್ಣ ಎದ್ದು ಬರುತ್ತದೆ, ಹೂವು ಹೂವಾಗಿ ಕಾಣುತ್ತದೆ. ಅದನ್ನೇ ಅಲ್ಲಿಯೂ ಮಾಡಿದೆ. ಪ್ರತಿಯೊಂದು ತುಂಡಿನ ಮೇಲೂ ನೀರು ಬಿಟ್ಟು, ಹೆಬ್ಬೆರಳಲ್ಲಿ ಒರೆಸಿ, ಕಂಡದ್ದನ್ನು ಬರೆದೆ. ಉಳಿದವರೆಲ್ಲ ಒಣ ಕಲ್ಲನ್ನು ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಒದ್ದಾಡುತ್ತಿದ್ದರು. ಪಾಪ, ಇವರಿಗೆ ಕಲ್ಲು ನೋಡಲು ಬರುವುದಿಲ್ಲ ಎಂದುಕೊಂಡೆ.

ಉತ್ತರದ ಹಾಳೆ ಕೈಗೆ ಬಂದಾಗ ನನ್ನದರ ಮೇಲೆ ಕೆಂಪು ಗೆರೆಗಳೇ ಹೆಚ್ಚಿದ್ದವು. ಪಾಸಿಗೆ ಬಹಳ ಕೆಳಗಿದ್ದೆ. ಕ್ಲಾಸ್ ಮುಗಿದ ಮೇಲೆ ಮೇಡಂ ನಿಲ್ಲಿಸಿಕೊಂಡರು.

"ಸಾರ್, ಎಲ್ಲಾದಕ್ಕೂ ಗಾಜಿನಂಥ ಹೊಳಪು ಅಂತ ಬರ್ದಿದೀರಲ್ಲ. ಸುಣ್ಣಕಲ್ಲಿಗೂ ಅದೇ, ಕಬ್ಬಿಣದ ಅದಿರಿಗೂ ಅದೇ. ಯಾಕೆ?"

"ಹೊಳೀತಿತ್ತು ಮೇಡಂ."

"ಹೊಳೀತಿದ್ದಿದ್ದು ನೀರು ಸಾರ್. ಕಲ್ಲಲ್ಲ. ಒದ್ದೆ ತುಂಡನ್ನ ಬಿಲ್ಲೆ ಮೇಲೆ ಉಜ್ಜಿದ್ರೆ ಗೆರೆ ಎಲ್ಲಿಂದ ಬರ್ಬೇಕು? ಬರೀ ಕೆಸರು. ನಿಮ್ಮ ನಂತರ ಬಂದವರಿಗೂ ಒದ್ದೆ ಕಲ್ಲೇ ಸಿಕ್ತು."

ಎರಡನೇ ಟೆಸ್ಟಿನಲ್ಲಿ ಚೆನ್ನಾಗಿ ಮಾಡದಿದ್ದರೆ ಇಂಟರ್ನಲ್ ಅಂಕ ಸಾಲುವುದಿಲ್ಲ, ಆಮೇಲೆ ದೊಡ್ಡ ಪರೀಕ್ಷೆಯಲ್ಲಿ ಎಷ್ಟು ಬರೆದರೂ ಈ ಪೇಪರು ಪಾಸಾಗುವುದು ಕಷ್ಟ ಎಂದರು. "ಏನಾದ್ರೂ ಗೊತ್ತಾಗದಿದ್ರೆ ಕೇಳಿ ಸಾರ್. ನೀವು ಒಂದು ದಿನವೂ ಏನನ್ನೂ ಕೇಳಿಲ್ಲ."

ಸರಿ ಮೇಡಂ ಎಂದು ಹೊರಟೆ. ಬಸ್ಸು ಹತ್ತಿದೆ. ಸಾರಕ್ಕಿ ಜಂಕ್ಷನ್ನಿನಲ್ಲಿ ಬಸ್ಸು ನಿಂತೇ ಬಿಟ್ಟಿತು, ನನಗೆ ಅದು ಹಾಗೇ ನಿಂತಿರಲಿ ಎನಿಸಿತು. ಇಳಿದರೆ ಮೈದುನನ ಅಂಗಡಿಯ ಮುಂದೆಯೇ ನಡೆಯಬೇಕು. ಅವನು ಕೇಳುವುದು ಒಂದೇ ಮಾತು, "ಭಾವ, ಹೆಂಗಿದೆ ಓದು?" ಹಿಂದಿನ ದಿನದವರೆಗೂ ಅದು ಬರೀ ಮಾತಾಗಿತ್ತು.

ಯಾರಿಗೂ ಗೊತ್ತಾಗದಂತೆ ಪಾಠ ಹೇಳಿಸಿಕೊಳ್ಳೋಣ ಎಂದು ಒಂದು ದಿನ ಪದ್ಮನಾಭನಗರದ ಟ್ಯೂಷನ್ ಸೆಂಟರಿಗೆ ಹೋದೆ. ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ, ಎಲ್ಲವೂ ಚಿಕ್ಕ ಅಳತೆಯವು. ಒಳಗಿದ್ದವರು ಕುರ್ಚಿ ಎಳೆದು ಕೂರಿಸಿ, "ಹೇಳಿ ಸಾರ್, ಮಗಳಾ, ಮಗನಾ? ಯಾವ ಕ್ಲಾಸು?" ಎಂದರು.

ನನಗೆ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ಮಗಳು. ಎಂಟನೇ ಕ್ಲಾಸು."

"ಓದೋದ್ರಲ್ಲಿ ಹೇಗಿದಾಳೆ?"

"ಹೆದರ್ಕೋತಾಳೆ ಸಾರ್."

"ಎಲ್ಲಾ ಮಕ್ಕಳೂ ಹಂಗೇ. ಕಳ್ಸಿ, ನೋಡ್ಕೊಳ್ಳೋಣ."

ನಮಗಿರುವುದು ಒಬ್ಬನೇ ಮಗ, ಅವನಿಗೂ ಮದುವೆಯಾಗಿದೆ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಲ್ಲದ ಮಗಳನ್ನ ಟ್ಯೂಷನ್‌ಗೆ ಸೇರ್ಸಿ ಬಂದ್ರಾ!" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ರೀ, ಅಷ್ಟೊಂದು ಭಯನಾ?"

"ಹೋಗುತ್ತೆ ಕಣೇ ಈ ಪೇಪರು. ಹೋದ್ರೆ ಮುಗೀತು. ಎಲ್ರ ಮುಂದೆ ಹೇಳಿದೀನಿ."

"ಹೇಳಿದ್ದು ಹೇಳಿದ್ರಿ. ಈಗ ಆ ಮೇಡಮ್ಮನ್ನ ಕೇಳೋದಕ್ಕೇನು ಕಷ್ಟ?"

"ನಮ್ಮ ಸೊಸೆಗಿಂತ ಚಿಕ್ಕವರು."

"ಡಾಕ್ಟ್ರು ಚಿಕ್ಕವರಾದ್ರೆ ನಾಡಿ ತೋರ್ಸಲ್ವಾ ನೀವು?" ಎಂದು ಅವಳು ಒಳಗೆ ಹೋದಳು.

ಆ ಭಾನುವಾರ ಬೆಳಗ್ಗೆ ಮೇಡಂ ನಮ್ಮೆಲ್ಲರನ್ನೂ ಲಾಲ್‌ಬಾಗಿನ ಬಂಡೆಯ ಮೇಲೆ ಸೇರಿಸಿದರು. ಆ ಬಂಡೆ ನನಗೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಯೊಂದಿಗೆ ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದೆ. ಅಂದು ಮೇಡಂ ಹೇಳಿದ ಮೇಲೆ ಮೊದಲ ಬಾರಿಗೆ ಬಗ್ಗಿ ನೋಡಿದೆ. ಬಿಳುಪು, ಕಪ್ಪು ಪಟ್ಟೆಗಳು ಒಂದರ ಪಕ್ಕ ಒಂದು, ಕೆಲವು ಕಡೆ ನೇರ, ಕೆಲವು ಕಡೆ ಹಿಟ್ಟು ಮಡಿಸಿದಂತೆ ಮಡಿಸಿಕೊಂಡಿದ್ದವು.

"ಕಲ್ಲು ಹೀಗೆ ಮಡಚ್ಕೋಬೇಕಾದ್ರೆ ಎಷ್ಟು ಶಾಖ, ಎಷ್ಟು ಭಾರ ಬಿದ್ದಿರ್ಬೇಕು ಯೋಚ್ನೆ ಮಾಡಿ. ಇದು ಕಿಲೋಮೀಟರ್‌ಗಟ್ಟಲೆ ಆಳದಲ್ಲಿದ್ದ ಕಲ್ಲು. ಮೇಲೆ ಇದ್ದಿದ್ದೆಲ್ಲಾ ಸವೆದು ಹೋಗಿದೆ. ಸುಮಾರು ಮುನ್ನೂರು ಕೋಟಿ ವರ್ಷದ್ದು."

ಹುಡುಗರು ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನು ಕೂತುಬಿಟ್ಟೆ. ಕಲ್ಲನ್ನು ಸವೆಸುವುದೇ ನನ್ನ ಅನ್ನ. ನೆಲದ ಮೇಲಿನ ಕೂದಲೆಳೆಯಷ್ಟು ಉಬ್ಬು ತೆಗೆಯಲು ಮೆಷಿನ್ನು ಎಷ್ಟು ಹೊತ್ತು ತಿರುಗಬೇಕು, ಎಷ್ಟು ನೀರು ಬೇಕು ಎಂದು ನನ್ನ ತೋಳಿಗೆ ಗೊತ್ತು. ಒಂದು ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಇಟ್ಟಷ್ಟನ್ನು ಬರೀ ಮಳೆ, ಗಾಳಿ ಸವೆಸಿ ಹಾಕಿದೆ ಎಂದರೆ ಆ ಹೊತ್ತು ಎಷ್ಟಿರಬೇಕು? ಎದುರಿಗೆ ವಿಲ್ಸನ್ ಗಾರ್ಡನ್ ಕಡೆಯ ಮನೆಗಳು ಬಿಸಿಲಿಗೆ ಬೆಳ್ಳಗೆ ಕಾಣುತ್ತಿದ್ದವು. ಅವೆಲ್ಲ ನಿನ್ನೆ ಯಾರೋ ತಂದಿಟ್ಟು ಮರೆತುಹೋದ ಡಬ್ಬಗಳಂತೆ ಕಂಡವು. ನಾನೂ ಅಷ್ಟೇ. ಮೈ ಜುಮ್ಮೆಂದಿತು. ದೇವರ ಮುಂದೆ ಬರುವ ಭಯವಲ್ಲ ಅದು. ದೊಡ್ಡ ಬಾವಿಗೆ ಬಗ್ಗಿ ನೋಡಿದಾಗ ಬರುವಂಥದ್ದು.

ಮೇಡಂ ಹತ್ತಿರ ಬಂದು, "ಯಾಕೆ ಸಾರ್, ಸುಸ್ತಾ?" ಎಂದರು.

"ಇಲ್ಲ ಮೇಡಂ. ಆ ಲೆಕ್ಕ ತಲೆಗೆ ಹೋಗ್ತಿಲ್ಲ."

"ನಂಗೂ ಹೋಗಲ್ಲ ಸಾರ್. ಯಾರಿಗೂ ಹೋಗಲ್ಲ. ನಾವು ಕಾಣೋದನ್ನ ಬರ್ಕೊಂಡು ಹೋಗೋದು, ಅಷ್ಟೇ."

ಪಾಠ ಮಾಡುವವರ ಬಾಯಿಂದ ನಂಗೂ ಗೊತ್ತಾಗಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆ ಧೈರ್ಯದ ಮೇಲೆ ಕೇಳಿಬಿಟ್ಟೆ. "ಮೇಡಂ, ನೀರು ಹಾಕದೆ ಕಲ್ಲು ನೋಡೋದು ನಂಗೆ ಬರಲ್ಲ. ಹೇಗೆ ನೋಡೋದು, ಹೇಳ್ಕೊಡಿ."

ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಆದರೆ ಯಾರೂ ನಗಲಿಲ್ಲ. ಸೀರೆ ಅಂಗಡಿಯ ಹುಡುಗಿ ಬಂದು ಪಕ್ಕದಲ್ಲೇ ಕೂತಳು. "ನಂಗೂ ಹೇಳ್ಕೊಡಿ ಮೇಡಂ. ನಾನು ಬರೀ ಉರು ಹೊಡ್ದಿದೀನಿ, ಕಲ್ಲು ಕೈಗೆ ಕೊಟ್ರೆ ಎಲ್ಲಾ ಒಂದೇ ಥರ ಕಾಣುತ್ತೆ." ಕ್ಲಾಸಿನಲ್ಲಿ ಪಟಪಟನೆ ಪ್ರಶ್ನೆ ಕೇಳುತ್ತಿದ್ದ ಹುಡುಗಿ ಅವಳು. ಅವಳಿಗೂ ಭಯವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮೇಡಂ ಚೀಲದಿಂದ ಒಂದು ತುಂಡು ತೆಗೆದರು. ಹೊಸದಾಗಿ ಒಡೆದ ಕಡೆಯನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿದರು. ತಿರುಗಿಸುವಾಗ ಕೆಲವು ಕಾಳುಗಳು ಚಿಕ್ಕ ಕನ್ನಡಿಯಂತೆ ಫಳಕ್ಕೆಂದು ಮಿಂಚಿ ಆರಿದವು, ಅವು ಫೆಲ್ಡ್‌ಸ್ಪಾರ್. ಹೇಗೆ ತಿರುಗಿಸಿದರೂ ಮಿಂಚದೆ, ಮುರಿದ ಬಾಟಲಿಯ ಚೂರಿನಂತೆ ಕೂತಿದ್ದವು ಬೆಣಚು. ಉಗುರಲ್ಲಿ ಏಳುವ ಪದರ ಕಾಗೆಬಂಗಾರ. ಮೊದಲು ಕಣ್ಣು, ಆಮೇಲೆ ಉಗುರು, ಆಮೇಲೆ ಚಾಕು, ಬಿಲ್ಲೆ, ಕೊನೆಗೆ ಒಂದು ತೊಟ್ಟು ಆಸಿಡ್. "ಹೆಸರು ಎಲ್ಲಕ್ಕಿಂತ ಕೊನೆಯಲ್ಲಿ ಸಾರ್. ಹೆಸರಿಗೆ ಇರೋದು ಒಂದೇ ಮಾರ್ಕು. ಉಳಿದದ್ದೆಲ್ಲಾ ನೀವು ನೋಡಿದ್ದಕ್ಕೆ."

ನನಗೆ ಇದು ತಲೆಕೆಳಗಾಗಿತ್ತು. ನಮ್ಮಲ್ಲಿ ಗಿರಾಕಿ ಕೇಳುವುದೇ ಹೆಸರನ್ನು. ಹೆಸರಿಗೇ ರೇಟು.

ಅಂದಿನಿಂದ ಅಂಗಡಿಯ ಹಿಂದೆ ಬಿದ್ದಿದ್ದ ಮೂಲೆ ತುಂಡುಗಳನ್ನು ಆರಿಸತೊಡಗಿದೆ. ಪಾಲಿಶ್ ಮುಖವನ್ನು ಕೆಳಗೆ ಮಾಡಿ, ಒಡೆದ ಕಡೆಯನ್ನು ಮೇಲೆ ಮಾಡಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಹುಡುಗಿ ತನ್ನ ವಾರದ ರಜೆಯ ದಿನ ಅಂಗಡಿಗೆ ಬರುತ್ತಿದ್ದಳು. ಅವಳು ಪುಸ್ತಕ ಹಿಡಿದು ಕೇಳುವುದು, ನಾನು ಕಲ್ಲು ಹಿಡಿದು ಹೇಳುವುದು, ಆಮೇಲೆ ಅದಲು ಬದಲು. ನನ್ನ ಹೆಂಡತಿ ಚಹಾ ತಂದುಕೊಟ್ಟು ಅಲ್ಲೇ ನಿಲ್ಲುತ್ತಿದ್ದಳು. ಒಂದು ದಿನ ನಾವಿಬ್ಬರೂ ಒಂದು ತುಂಡಿನ ಬಗ್ಗೆ ಜಗಳಕ್ಕೇ ಬಿದ್ದಾಗ ಅವಳು, "ಅಯ್ಯೋ, ಬೆಣಚು ಕಣ್ರೀ ಅದು, ತಿರುಗ್ಸಿದ್ರೆ ಮಿಂಚ್ತಾ ಇಲ್ಲ ನೋಡಿ" ಎಂದಳು. ಪುಸ್ತಕ ತೆಗೆದು ನೋಡಿದರೆ ಅವಳು ಹೇಳಿದ್ದೇ ಸರಿ.

"ಆಂಟಿ, ನೀವೂ ಅಡ್ಮಿಷನ್ ಮಾಡ್ಸಿ!"

"ನಂಗ್ಯಾಕಮ್ಮ? ಒಬ್ರು ಓದ್ತಿರೋದಕ್ಕೇ ಮನೇಲಿ ಇಬ್ರಿಗೂ ನಿದ್ದೆ ಇಲ್ಲ."

ಆ ದಿನಗಳಲ್ಲಿ ಒಬ್ಬ ಗಿರಾಕಿ ಬಂದರೆ ನಾನು ಮಗ್ ಎತ್ತದೆ ಹಲಗೆಯನ್ನೇ ನೋಡುತ್ತ ನಿಂತಿದ್ದೆನಂತೆ. ಅವರು ಕಾದು ಕಾದು, "ಅಣ್ಣ, ನೀರು ಹಾಕಿ ತೋರ್ಸಲ್ವಾ?" ಎಂದು ಕೇಳಿದರು.

ಭೂಕಂಪದ ಅಲೆಯ ಪಾಠವೂ ಹೀಗೆಯೇ ದಾರಿಗೆ ಬಂತು. ಹುಡುಗಿ ಎಷ್ಟು ಸಲ ಓದಿ ಹೇಳಿದರೂ ನನಗೆ ಹತ್ತದೆ ಸಿಟ್ಟು ಬಂದಿತ್ತು. ಕೂತಲ್ಲೇ ಸುತ್ತಿಗೆಯ ಹಿಡಿಯಿಂದ ಕಟ್ಟೆಯ ಹಾಸುಗಲ್ಲನ್ನು ತಟ್ಟುತ್ತಿದ್ದೆ. ಕೆಳಗೆ ಸಿಮೆಂಟ್ ತುಂಬಿದ್ದರೆ ಒಂದು ಸದ್ದು, ಪೊಳ್ಳಿದ್ದರೆ ಇನ್ನೊಂದು. ಕಲ್ಲು ಎತ್ತದೆಯೇ ಕೆಳಗೇನಿದೆ ಎಂದು ಯಾವ ಮೇಸ್ತ್ರಿಗೂ ತಿಳಿಯುವುದು ಹಾಗೆಯೇ. ಕೈ ಅಲ್ಲೇ ನಿಂತಿತು. "ಇದೇನಾ?" ಎಂದೆ. ಹುಡುಗಿ ಮತ್ತೊಮ್ಮೆ ಓದಿ, "ಹೆಚ್ಚು ಕಮ್ಮಿ ಇದೇ ಅಂಕಲ್. ಆದ್ರೆ ಹಿಂಗೇ ಬರೀಬೇಡಿ, ಎರಡು ಥರದ ಅಲೆ ಅಂತ ಬರೀರಿ, ಒಂದು ದ್ರವದಲ್ಲಿ ಹೋಗಲ್ಲ ಅಂತ ಬರೀರಿ" ಎಂದಳು.

ಬರೆಯುವುದೇ ನನ್ನ ಇನ್ನೊಂದು ಸಂಕಟ. ನನ್ನ ಅಕ್ಷರ ದುಂಡಗೆ, ಆದರೆ ನಿಧಾನ. ಬೆಳಗ್ಗೆ ಹೆಂಡತಿ ಕುಕ್ಕರ್ ಇಟ್ಟ ಕೂಡಲೇ ನಾನು ಒಂದು ಪ್ರಶ್ನೆಗೆ ಉತ್ತರ ಶುರು ಮಾಡಬೇಕು, ಅವಳು ಕುಕ್ಕರ್ ಇಳಿಸುವುದರೊಳಗೆ ಮುಗಿಸಬೇಕು. ಮೊದಮೊದಲು ಅನ್ನವಾದರೂ ನನ್ನ ಭೂಮಿ ಅರ್ಧಕ್ಕೇ ನಿಂತಿರುತ್ತಿತ್ತು.

ಎರಡನೇ ಟೆಸ್ಟಿನ ದಿನ ಬಾಟಲಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೋದೆ. ಆದರೂ ಮೊದಲ ತುಂಡು ಹಿಡಿದ ತಕ್ಷಣ ಹೆಬ್ಬೆರಳು ಬಾಯಿಯ ಕಡೆ ಹೊರಟಿತು. ಅದನ್ನು ಮುಷ್ಟಿಯೊಳಗೆ ಮಡಚಿ ಜೇಬಿಗೆ ತುರುಕಿ, ಒಂದೇ ಕೈಯಲ್ಲಿ ಕಲ್ಲು ತಿರುಗಿಸಿದೆ. ಕೆಲವು ಸಿಕ್ಕವು. ಕಬ್ಬಿಣದ ಅದಿರು ಬಿಲ್ಲೆಯ ಮೇಲೆ ಕೆಂಪಗೆ ಗೆರೆ ಎಳೆಯಿತು. ಸುಣ್ಣಕಲ್ಲು ಆಸಿಡ್ ತಾಗಿ ಬುಸುಗುಟ್ಟಿತು. ಕೊನೆಯ ತುಂಡಿನ ಮುಂದೆ ನಿಂತಾಗ ಏನೂ ಹೊಳೆಯಲಿಲ್ಲ.

ಬಿಳಿಯ ಕಲ್ಲು. ಅಮೃತಶಿಲೆ ಎಂದು ಬರೆಯಲು ಪೆನ್ನು ಹೊರಟಿತ್ತು. ಕೈಗೆತ್ತಿಕೊಂಡರೆ ಗಾತ್ರಕ್ಕೆ ಮೀರಿದ ಭಾರ. ಆಸಿಡ್ ಬಿಟ್ಟರೆ ಸದ್ದಿಲ್ಲ. ಅಮೃತಶಿಲೆಯಾಗಿದ್ದರೆ ನೊರೆ ಬರಬೇಕಿತ್ತು. ಮತ್ತೆ ಬಿಟ್ಟೆ. ಇಲ್ಲ. ಹಿಂದೆ ನಿಂತವನು, "ಅಂಕಲ್, ಬೇಗ" ಎಂದ. ಹೆಸರು ಗೊತ್ತಿಲ್ಲದ ಕಲ್ಲಿನ ಮುಂದೆ ನಾನು ಹೀಗೆ ಎಂದೂ ನಿಂತವನಲ್ಲ. ಅಂಗಡಿಯಲ್ಲಾಗಿದ್ದರೆ ಯಾವುದೋ ಒಂದು ಹೆಸರು ಹೇಳಿ ಗಿರಾಕಿಯನ್ನು ಒಪ್ಪಿಸಿರುತ್ತಿದ್ದೆ. ಬಿಳಿ, ಒಣಗಿದ್ದರೂ ತುಸು ಹೊಳಪು, ಉಗುರಿಗೆ ಗೀರಿಲ್ಲ, ಚಾಕುವಿಗೆ ಗೀರು ಬೀಳುತ್ತದೆ, ಗೆರೆ ಬಿಳಿ, ಬಹಳ ಭಾರ, ಆಸಿಡ್‌ಗೆ ನೊರೆಯಿಲ್ಲ, ಆದ್ದರಿಂದ ಅಮೃತಶಿಲೆಯಲ್ಲ. ಇಷ್ಟು ಬರೆದು, ಹೆಸರಿನ ಜಾಗದಲ್ಲಿ ತಿಳಿಯಲಿಲ್ಲ ಎಂದು ಬರೆದೆ. ಆ ಒಂದು ಪದ ಬರೆಯುವಾಗ ಪೆನ್ನು ಹಾಳೆಗೆ ಅಂಟಿಕೊಂಡಂತಿತ್ತು. ನನ್ನ ಕೈಬರಹದಲ್ಲಿ ಆ ಪದವನ್ನು ನಾನೇ ಅಂದಿನವರೆಗೆ ನೋಡಿರಲಿಲ್ಲ.

ಆ ತುಂಡು ಬರೈಟ್ ಎಂಬ ಖನಿಜವೆಂದು ಆಮೇಲೆ ಗೊತ್ತಾಯಿತು. ಹೆಸರಿನ ಒಂದು ಅಂಕ ಬಿಟ್ಟು ಉಳಿದದ್ದನ್ನೆಲ್ಲ ಮೇಡಂ ಕೊಟ್ಟಿದ್ದರು. ಸುಮ್ಮನೆ ಅಮೃತಶಿಲೆ ಎಂದು ಬರೆದ ಹುಡುಗರಿಗೆ ಅದರಲ್ಲಿ ಏನೂ ಸಿಕ್ಕಿರಲಿಲ್ಲ. ಇಂಟರ್ನಲ್ ಅಂಕ ಹೇಗೋ ದಡ ಮುಟ್ಟಿತು. ಆದರೆ ದೊಡ್ಡ ಪರೀಕ್ಷೆ ಬಾಕಿಯಿತ್ತು, ಹೆದರಿಕೆಯೇನೂ ತಗ್ಗಲಿಲ್ಲ.

ಪರೀಕ್ಷೆಯ ದಿನ ಕೊಠಡಿಯೊಳಗೆ ಕಾಲಿಟ್ಟರೆ ಗೊತ್ತಿಲ್ಲದ ಹುಡುಗರೆಲ್ಲ ದಡಬಡನೆ ಎದ್ದು ನಿಂತರು. ಮೇಲ್ವಿಚಾರಕರು ಬಂದರು ಎಂದುಕೊಂಡಿದ್ದರು. "ಕೂತ್ಕೊಳ್ರಪ್ಪ, ನಾನೂ ನಿಮ್ಮ ಹಂಗೇ" ಎಂದೆ. ಯಾರೋ ಹಿಂದಿನಿಂದ, "ಅಂಕಲ್, ನೀವು ಸಖತ್ತಾಗಿ ಹೆದರ್ಸಿದ್ರಿ!" ಎಂದ. ಪ್ರಶ್ನೆಪತ್ರಿಕೆಯ ಮೊದಲ ಸಾಲುಗಳು ಕಣ್ಣಿಗೆ ಕಾಣುತ್ತಿದ್ದವು, ಒಳಗೆ ಇಳಿಯುತ್ತಿರಲಿಲ್ಲ. ಭೂಮಿಯ ಒಳಗಿನ ರಚನೆಯನ್ನು ಚಿತ್ರದೊಂದಿಗೆ ವಿವರಿಸಿ ಎಂಬಲ್ಲಿಗೆ ಬಂದಾಗ ಕಂಪಾಸ್ ತೆಗೆದೆ. ವೃತ್ತ ಸರಿಯಾಗಿ ಬಂತು. ಅದರೊಳಗೆ ಇನ್ನೊಂದು, ಮತ್ತೊಂದು. ಚಿತ್ರ ಮುಗಿಯುವ ಹೊತ್ತಿಗೆ ಕೈ ತನ್ನ ಕೆಲಸ ಹಿಡಿದಿತ್ತು. ಎರಡು ಥರದ ಅಲೆ ಎಂದೇ ಬರೆದೆ. ಕೊನೆಯ ಪ್ರಶ್ನೆ ಅರ್ಧವಿದ್ದಾಗ ಬೆಲ್ ಹೊಡೆಯಿತು.

ಫಲಿತಾಂಶದ ದಿನ ಸೀರೆ ಅಂಗಡಿಯ ಹುಡುಗಿಯೇ ಫೋನ್ ಮಾಡಿದಳು. "ಅಂಕಲ್, ಬಂದಿದೆ, ನೋಡಿ!" ಫೋನಿನಲ್ಲಿ ಪುಟ ತೆರೆಯಲು ಹೋದರೆ ಚಕ್ರ ಸುತ್ತುತ್ತಲೇ ಇತ್ತು. ಮೈದುನ ಯಾವುದೋ ಪೈಪಿನ ನೆಪ ಮಾಡಿಕೊಂಡು ಬಂದು ನಿಂತಿದ್ದ. ನನ್ನ ಕೈ ನೋಡಿ ಹೆಂಡತಿ ಫೋನ್ ಕಿತ್ತುಕೊಂಡಳು. ಅಕೌಂಟ್ಸಿನಿಂದ ಶುರು ಮಾಡಿ ಒಂದೊಂದೇ ಪೇಪರು ಓದುತ್ತ ಬಂದಳು. ಪಾಸು, ಪಾಸು. ಭೂವಿಜ್ಞಾನ ಎಂದು ನಿಲ್ಲಿಸಿದಳು.

"ಹೇಳೇ."

"ಪಾಸು ಕಣ್ರೀ."

ಆ ಕ್ಷಣ ನನಗೆ ಮೊದಲು ಬಂದದ್ದು ಸಂತೋಷವಲ್ಲ. ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಫೇಲಾಗಿದ್ದರೆ ಒಂದು ದಿನದ ಅವಮಾನಕ್ಕೆ ಎಲ್ಲ ಮುಗಿಯುತ್ತಿತ್ತು. ಎಲ್ಲರ ಮುಂದೆ ಆಡಿದ ಮಾತೇ ನನಗೊಂದು ಹಿಂಬಾಗಿಲಾಗಿತ್ತು. ಅದು ಈಗ ಮುಚ್ಚಿಕೊಂಡಿತು. ಇನ್ನು ಐದು ಸೆಮಿಸ್ಟರ್ ನಾನು ಹೋಗಲೇಬೇಕು. ಗೊತ್ತಿಲ್ಲ, ಹೇಳ್ಕೊಡಿ ಎಂದು ಇನ್ನೂ ಎಷ್ಟು ಜನರ ಮುಂದೆ ಕೇಳಬೇಕೋ ಎಂದು ಹೆದರಿದೆ.

ಮೈದುನ, "ಭಾವ, ಮುಂದಿನ ಸೆಮಿಸ್ಟರ್‌ಗೂ ಅದೇ ಕಂಡೀಷನ್ನಾ?" ಎಂದ.

"ಇಲ್ಲ ಕಣೋ" ಎಂದೆ. "ಈ ಸಲ ಫೇಲಾದ್ರೆ ಮತ್ತೆ ಕಟ್ತೀನಿ."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಹೆಂಡತಿ ಫೋನನ್ನು ನನ್ನ ಕೈಗಿಟ್ಟು, ಮುಂದಿನ ಸೆಮಿಸ್ಟರಿನ ಅಡ್ಮಿಷನ್ ಯಾವತ್ತಿನವರೆಗೆ ಇದೆ ಎಂದು ಆ ಹುಡುಗಿಯನ್ನು ಕೇಳಿ ಎಂದಳು. ಬೆರಳು ಇನ್ನೂ ನಡುಗುತ್ತಿತ್ತು. ನಡುಗುತ್ತಲೇ ನಂಬರ್ ಒತ್ತಿದೆ.